ರಿಪೇರಿಯವನ ಕಿವಿಯಳತೆ

ರೇಡಿಯೊ ರಿಪೇರಿಯವನಿಗೆ ಲೋಕವೆಲ್ಲ ಕಿವುಡರ ಸಂತೆ. ದುಬಾರಿ ಹೆಡ್‌ಫೋನು ಕೊಳ್ಳುವವರು ಶತಮೂರ್ಖರು; ಅಗ್ಗದ್ದನ್ನೇ ಫೋನಿನ ಈಕ್ವಲೈಜರಿನಲ್ಲಿ ತಿದ್ದಿ, ಮಂಕಾದ ತಾರಸ್ವರಗಳನ್ನು ಎತ್ತಿ, ಅಪರಂಜಿಯಂತೆ ನುಡಿಸಬಲ್ಲೆನೆಂಬ ಜಂಭ ಅವನದು. ಅದಕ್ಕೆಂದೇ ಅಂಗಡಿ ತೆರೆಯುವವನಿದ್ದ. ಬಂಡವಾಳ ಹಾಕಬೇಕಿದ್ದ ಭಾವ ಕೇಳಿನೋಡಲು ಬಂದು, ಹೆಡ್‌ಫೋನು ಹಾಕಿಕೊಂಡವನೇ ಮುಖ ಕಿವುಚಿದ.

"ಏನೋ ಇದು, ಸೂಜಿ ಚುಚ್ಚಿದ ಹಾಗಿದೆ."

"ನಿಮ್ಮದು ತಗಡು ಕಿವಿ, ಭಾವ."

"ಯಾರದು ತಗಡು, ನೋಡೇಬಿಡೋಣಪ್ಪ" ಎನ್ನುತ್ತ ರಿಪೇರಿಯವನ ಮಗಳು ಫೋನಿನ ಸ್ಪೀಕರಿನಲ್ಲೇ ಕಿವಿ ಪರೀಕ್ಷೆಯ ಸಿಳ್ಳೆಯಂಥ ತಾರಸ್ವರ ಹಾಕಿದಳು. ಭಾವ ಬೆಚ್ಚಿದ. ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ನಿಲ್ಲಿಸೇ ಅದನ್ನ."

"ಹಾಕೇ ಇಲ್ವಲ್ಲೇ ಇನ್ನೂ" ಎಂದ ರಿಪೇರಿಯವನು.

ತನ್ನ ಕಿವುಡಿನ ಅಳತೆ ಹಿಡಿದು ಲೋಕಕ್ಕೆಲ್ಲ ಅಂಗಿ ಹೊಲಿಯಹೊರಟ ಆ ಪಂಡಿತನನ್ನು ನೋಡಿ, ಭಾವ ಚಪ್ಪಲಿ ಮೆಟ್ಟಿಕೊಂಡ.