ಹಸುವಿಗೆ ಹೇಳಿದ ಉತ್ತರಗಳು

ಬೂದಿಕೋಟೆ ಕಡೆಯ ಮೊದಲ ಬಸ್ಸು ಇಳಿದಾಗ ಸೂರ್ಯದೇವರು ಇನ್ನೂ ಕಣ್ಣು ಬಿಟ್ಟಿಲ್ಲ. ರಾಧಾಮಣಿ ಹೆಗಲ ಚೀಲ ಸರಿಪಡಿಸಿಕೊಂಡು ಸೊಣ್ಣಪ್ಪನವರ ಜಗಲಿ ಹತ್ತುತ್ತಾರೆ. ಬರಿಹೊಟ್ಟೆಯ ಸಕ್ಕರೆ ಅಳೆಯಬೇಕೆಂದರೆ ಊರಿಗಿಂತ ಮೊದಲು ಏಳಲೇಬೇಕು.

"ಅಣ್ಣಾ, ಏನೂ ತಿಂದಿಲ್ಲ ತಾನೆ?"

"ದೇವರಾಣೆ ಇಲ್ಲಮ್ಮ. ಡೈರಿ ತಾವ ಬರೀ ಕಾಫಿ."

"ಕಾಫಿ ಜೊತೆ?"

"ಎರಡು ಬನ್ನು. ಬನ್ನೂ ಒಂದು ತಿಂಡೀನಾ?"

ಸಕ್ಕರೆ ಪರೀಕ್ಷೆ ನಾಳೆಗೆ ಹೋಗುತ್ತದೆ. ರಾಧಾಮಣಿ ಟೇಪು ತೆಗೆದು ಸೊಂಟ ಅಳೆಯಲು ನಿಂತರೆ ಸೊಣ್ಣಪ್ಪ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಅವರು ಉಸಿರು ಬಿಡುವವರೆಗೂ ರಾಧಾಮಣಿ ತಾಳ್ಮೆಯಿಂದ ಕಾಯುತ್ತಾರೆ. ಈ ಕೆಲಸದಲ್ಲಿ ಅರ್ಧ ಪಾಲು ಕಾಯುವುದೇ.

ನಲವತ್ತು ದಾಟಿದವರ ಬಿಪಿ, ಸಕ್ಕರೆ, ಸೊಂಟ ಒಂದು ಕಡೆ, ನೆನಪಿನ ಶಕ್ತಿ ಇನ್ನೊಂದು ಕಡೆ. ಮೊದಲಿನವು ಕೆಟ್ಟರೆ ನೆನಪು ಹೇಗೆ ಕುಂದುತ್ತದೆ ಎಂದು ವೈದ್ಯರ ತಂಡವೊಂದು ನೋಡುತ್ತಿದೆ. ಆ ತಂಡಕ್ಕಾಗಿ ಮನೆಮನೆ ಸುತ್ತಿ ಅಳೆದು ಬರೆದುಕೊಳ್ಳುವವರು ರಾಧಾಮಣಿ. ದಿನಕ್ಕೆ ಆರೇಳು ಮನೆ. "ಗಂಡಸ್ರಿಗೆ ಇವೆಲ್ಲ ಬೇಗ ಅಂಟ್ಕೊಳ್ತವೆ. ನಮಗೆ ಮುಟ್ಟು ನಿಲ್ಲೋ ಕಾಲ್ದಲ್ಲಿ ಸದ್ದಿಲ್ದೆ ಬತ್ತವೆ. ಬಂದ್ಮೇಲೆ ಕೆಲವರಿಗೆ ಗ್ಯಾಪಕದ ಮೇಲೆ ಜೋರಾಗೇ ಕೂತ್ಕೊಳ್ತವೆ. ಯಾಕೆ ಅಂತ ಡಾಕ್ಟ್ರುಗಳೂ ಇನ್ನಾ ಉಡುಕ್ತಾವ್ರೆ" ಎನ್ನುತ್ತಾರೆ ಅವರು.

ಅವರು ಹುಟ್ಟಿದ್ದು ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನಿನ ಮನೆಯಲ್ಲಿ. ತಾಯಿಗೆ ಐವತ್ತಕ್ಕೇ ಬಿಪಿ, ಸಕ್ಕರೆ ಎರಡೂ ಇದ್ದವು. ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಗಣಿ ಮುಚ್ಚಿ, ಗಂಡ ತೀರಿಹೋಗಿ ಎಷ್ಟೋ ವರ್ಷವಾದ ಮೇಲೂ ಆಕೆ ಬೆಳಗ್ಗೆ ಎದ್ದು ಶಿಫ್ಟಿನ ಬುತ್ತಿ ಕಟ್ಟಿ ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. "ಆ ಅನ್ನ ನಾನೇ ತಿಂತಿದ್ದೆ. ಅಮ್ಮಂಗೆ ಬೇಜಾರಾಗಬಾರ್ದಲ್ಲ" ಎನ್ನುತ್ತಾರೆ ರಾಧಾಮಣಿ.

ಅದಕ್ಕೇ ಅವರ ಕಣ್ಣು ಸೊಣ್ಣಪ್ಪನವರ ಹೆಂಡತಿ ವರಲಕ್ಷ್ಮಮ್ಮನ ಮೇಲೆ. ಹೋದ ವರ್ಷ ಬಂಗಾರಪೇಟೆಯ ಶಿಬಿರದಲ್ಲಿ ಆಕೆಗೆ ಬಿಪಿ ಇರುವುದು ಗೊತ್ತಾಗಿ ಮಾತ್ರೆ ಕೊಟ್ಟಿದ್ದಾರೆ. ಆದರೆ ನೆನಪಿನ ಪರೀಕ್ಷೆಗೆ ಕೂರು ಎಂದರೆ ಮೂರು ಸಲವೂ ಒಂದೇ ಉತ್ತರ: "ಈ ಮನೇಗೆಲ್ಲ ಗ್ಯಾಪಕ ಇಟ್ಕೊಂಡಿರೋಳೇ ನಾನು. ಇವುರ್ನ ಕೇಳು, ಅಂಗಿ ಗುಂಡಿ ಎಲ್ಲೈತೆ ಅನ್ನೋದೂ ಗೊತ್ತಿಲ್ಲ."

ಸೊಣ್ಣಪ್ಪ ಕುರ್ಚಿಯಲ್ಲಿ ಕೂರುತ್ತಾರೆ. ರಾಧಾಮಣಿ ಐದು ಮಾತು ಹೇಳುತ್ತಾರೆ: ಬೆಲ್ಲ, ರೈಲು, ಕಂಬಳಿ, ದೀಪ, ನವಿಲು. ಸ್ವಲ್ಪ ಹೊತ್ತು ಬೇರೆ ಮಾತಾಡಿ ಆಮೇಲೆ ಕೇಳುವುದು ಕ್ರಮ. ಬಾಗಿಲ ಬಳಿ ನಿಂತ ವರಲಕ್ಷ್ಮಮ್ಮನ ತುಟಿ ಆಗಲೇ ಅಲ್ಲಾಡುತ್ತಿದೆ. ಗಂಡನಿಗೆ ಉತ್ತರ ಹೇಳಿಕೊಡದ ಹೆಂಡತಿಯನ್ನು ರಾಧಾಮಣಿ ಈ ಸೀಮೆಯಲ್ಲಿ ಇನ್ನೂ ಕಂಡಿಲ್ಲ.

"ಅಕ್ಕಾ, ನೀನು ಕೊಟ್ಟಿಗೆಗೆ ಓಗು."

ವರಲಕ್ಷ್ಮಮ್ಮ ಹೋಗುತ್ತಾರೆ. ಸೊಣ್ಣಪ್ಪ ತಲೆ ಕೆರೆದುಕೊಳ್ಳುವ ಹೊತ್ತಿಗೆ ಕೊಟ್ಟಿಗೆಯಿಂದ ಹಸುವಿಗೆ ಬೈಗುಳ ಕೇಳಿಸುತ್ತದೆ.

"ಯಾಕೇ, ಹುಲ್ಲು ಬ್ಯಾಡ್ವಾ? ಬೆಲ್ಲ ಬೇಕಾ ನಿಂಗೆ?"

"ಬೆಲ್ಲ!" ಎನ್ನುತ್ತಾರೆ ಸೊಣ್ಣಪ್ಪ.

"ರೈಲು ಬಂದಂಗೆ ಬತ್ತೀಯಲ್ಲೇ ಮೈಮೇಲೆ! ಚಳಿಯಾದ್ರೆ ಕಂಬಳಿ ಒದಿಸ್ಲಾ? ನವಿಲಂಗೆ ಕುಣೀಬ್ಯಾಡ!"

ಸೊಣ್ಣಪ್ಪ ಒಂದೊಂದನ್ನೂ ಹೆಕ್ಕಿಕೊಂಡು ಒಪ್ಪಿಸುತ್ತಾರೆ. ಐದನೆಯದಕ್ಕೆ ಕಿವಿ ಕೊಟ್ಟಿಗೆಯತ್ತ ತಿರುಗುತ್ತದೆ. ಹಸು ಮೆಲುಕು ಹಾಕುವ ಸದ್ದು ಮಾತ್ರ. ಕಾದು ಕಾದು, ಬೇರೆ ದಾರಿ ಕಾಣದೆ ಅವರೇ ಯೋಚಿಸುತ್ತಾರೆ.

"ದೀಪ! ಲೇ, ನಾನೇ ಏಳ್ದೆ ಕಣೇ!"

ಸಗಣಿ ಕೈಯಲ್ಲೇ ವರಲಕ್ಷ್ಮಮ್ಮ ಬಾಗಿಲಿಗೆ ಬರುತ್ತಾರೆ. "ದೀಪಾನಾ? ಆ ಮಾತು ನೀನು ಯಾವಾಗ ಏಳ್ದೆ ರಾಧಾಮಣಿ?"

ದಿನವೂ ನಸುಕಿಗೆ ದೇವರ ಮುಂದೆ ದೀಪ ಹಚ್ಚುವ ಹೆಂಗಸು. ಆಕೆಗೇ ಆ ಮಾತು ಮರೆತಿದೆ.

"ಒಂದು ಮಾತು ಮರ್ತ್ರೆ ಕಾಯ್ಲೆ ಅಂತಲ್ಲಕ್ಕಾ" ಎನ್ನುತ್ತಾರೆ ರಾಧಾಮಣಿ. "ಮಾತ್ರೆ ನುಂಗ್ತಿದ್ದೀಯಾ?"

"ಇವುರ್ ಸಕ್ಕರೆ ಮಾತ್ರೆ ಮುಗಿದೋಗಿತ್ತು. ಎರಡೂ ಒಂದೇ ತರ ಬಿಳೀಗವೆ ಅಂತ ನಂದು ಕೊಟ್ಟೆ. ಹೊಲಕ್ಕೋಗೋರಲ್ವಾ?"

"ಈ ಮೂರು ತಿಂಗ್ಳಿಂದ ನಾನು ನುಂಗಿದ್ದು ನಿಂದಾ?" ಸೊಣ್ಣಪ್ಪ ಕುರ್ಚಿ ಬಿಟ್ಟೇಳುತ್ತಾರೆ. "ದೊಡ್ಡ ಮುದ್ದೆ ಕೊಟ್ಟಂಗೆ ಮಾತ್ರೇನೂ ಕೊಡ್ತಾರೇನೇ? ಕೂತ್ಕೋ ಇಲ್ಲಿ. ನಾಳೆ ಇಬ್ರೂ ಬಂಗಾರಪೇಟೆ ಡಾಕ್ಟ್ರ ತಾವ ಓಗೋಣ."

ಕೈ ತೊಳೆದು ವರಲಕ್ಷ್ಮಮ್ಮ ಕೊನೆಗೂ ಕೂರುತ್ತಾರೆ. ರಾಧಾಮಣಿ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಾರೆ. ಹೆಚ್ಚೇ ಇದೆ. ಆಮೇಲೆ ಹೊಸ ಐದು ಮಾತು. ಅವನ್ನು ಕೇಳಿಸಿಕೊಂಡ ಸೊಣ್ಣಪ್ಪನವರನ್ನು ಕೊಟ್ಟಿಗೆಗೆ ಕಳಿಸುತ್ತಾರೆ. ಕ್ಷಣದಲ್ಲೇ ಅಲ್ಲಿಂದ ದನಿ: "ಏನೇ ಗೌರಿ, ಮಾವಿನಕಾಯಿ ತಿಂತೀಯಾ?"

"ಬಾಯಿ ಮುಚ್ಕೊಳ್ರೀ!" ಎಂದು ವರಲಕ್ಷ್ಮಮ್ಮ ಕೂಗುತ್ತಾರೆ. "ನಾನೇ ಏಳ್ತೀನಿ."

ಮೂರು ಹೇಳುತ್ತಾರೆ. ಎರಡು ಬರುವುದಿಲ್ಲ. ರಾಧಾಮಣಿ ಇದ್ದದ್ದನ್ನು ಇದ್ದ ಹಾಗೇ ಬರೆದುಕೊಂಡು ಬಸ್ಸಿಗೆ ಹೊರಡುತ್ತಾರೆ. ಇಷ್ಟು ಓಡಾಡಿ ನಿಮಗೇನು ಬೇಕು ಎಂದು ಕೇಳಿದರೆ ಅವರು ಬಸ್ಸಿನ ಮೆಟ್ಟಿಲ ಮೇಲೆ ನಿಂತು ನಗುತ್ತಾರೆ.

"ತಪ್ಪು ಉತ್ರಾನೇ ಏಳ್ಲಿ ಬಿಡಿ. ಆದ್ರೆ ಅವ್ರವ್ರ ತಪ್ಪು ಅವ್ರವ್ರೇ ಏಳ್ಲಿ. ಅಷ್ಟು ಸಾಕು."