ನಮ್ಮ ಮೋಟರಿನ ಒಂಟಿಕಾಲು

ನಿಲ್ಲಿಸಿದ ಮೋಟರ್ ಸೈಕಲ್ಲಿನ ಮೇಲೆ ಯಾರಾದರೂ ಕಾಲು ಇಳಿಬಿಟ್ಟುಕೊಂಡು ಹರಟೆ ಹೊಡೆಯುವುದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅಂಥದೊಂದು ಗಾಡಿಯ ಕಾಲನ್ನು ನಾವು ಎಷ್ಟು ಸಲ ಬಿಚ್ಚಿ, ಕಾಯಿಸಿ, ಬಡಿದು, ಮತ್ತೆ ಸಿಕ್ಕಿಸಿದ್ದೆವು ಅನ್ನುವುದು ಅವಕ್ಕೇನು ಗೊತ್ತು.

ನಮ್ಮವರು, ಅಂದರೆ ನನ್ನ ಗಂಡ, ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದವರು. ಯುದ್ಧ ಮುಗಿದ ಮೇಲೆ ಬೆಂಗಳೂರಿನಲ್ಲಿ ದಂಡಿನ ಹಳೇ ಸಾಮಾನು ಹರಾಜಾದಾಗ ಒಂದು ಮೋಟರ್ ಸೈಕಲ್ ಹಿಡಿದುಕೊಂಡು ಹೊಸೂರಿನ ಪಕ್ಕದ ನಮ್ಮ ಹಳ್ಳಿಗೆ ಬಂದರು. ಹಸಿರು ಬಣ್ಣ ಅರ್ಧ ಉದುರಿತ್ತು, ದೀಪಕ್ಕೆ ಗಾಜಿರಲಿಲ್ಲ. ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಜೋಡಿಕಾಲು ಯಾವತ್ತೋ ಮುರಿದುಹೋಗಿ, ಎಡಪಕ್ಕಕ್ಕೆ ವಾಲಿಸಿ ನಿಲ್ಲಿಸುವ ಒಂಟಿಕಾಲು ಮಾತ್ರ ಉಳಿದಿತ್ತು. ಆದರೆ ಇಂಜಿನ್ ಗಟ್ಟಿ. ಹೊಸೂರಿನಿಂದ ಶೂಳಗಿರಿವರೆಗೆ ಬಾವಿಗೆ ಎಣ್ಣೆ ಇಂಜಿನ್ ಇಟ್ಟುಕೊಂಡವರ ತೋಟಗಳಿಗೆ ಹೋಗಿ ರಿಪೇರಿ ಮಾಡಿ ಬರುವುದು ನಮ್ಮವರ ಕಸುಬು. ಆ ಗಾಡಿ ಓಡಿದರೆ ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ನಮ್ಮ ಕೇರಿಯಿಂದ ದೊಡ್ಡ ರಸ್ತೆಗೆ ಹೋಗಬೇಕಾದರೆ ಮೇಲ್ಜಾತಿಯವರ ಮೇಲ್ಬೀದಿ ದಾಟಬೇಕು. ಅಲ್ಲಿ ನಮ್ಮ ಜನ ಮೆಟ್ಟು ಕೈಯಲ್ಲಿ ಹಿಡಿದು ನಡೆಯುತ್ತಿದ್ದ ಕಾಲ ಅದು. ನಮ್ಮವರು ಆ ಭಾರದ ಗಾಡಿಯನ್ನು ಬೀದಿಯುದ್ದಕ್ಕೂ ತಳ್ಳಿಕೊಂಡು ಹೋಗಿ, ಆಚೆಯ ಹುಣಸೆಮರದ ಹತ್ತಿರ ಕಿಕ್ ಹೊಡೆದು ಹತ್ತುತ್ತಿದ್ದರು. ದಿನಾ ಬೆಳಗ್ಗೆ ನಾನು ಪಾತ್ರೆ ತಿಕ್ಕುತ್ತಾ ಆ ಸದ್ದಿಗೆ ಕಾಯುತ್ತಿದ್ದೆ. ಬರ್ಮಾದ ಬೆಟ್ಟಗಳಲ್ಲಿ ಲಾರಿ ಓಡಿಸಿದ ಮನುಷ್ಯ ಸ್ವಂತ ಊರಲ್ಲಿ ಸ್ವಂತ ಗಾಡಿ ತಳ್ಳುತ್ತಾನಲ್ಲ ಅಂತ ಹಲ್ಲು ಕಡಿಯುತ್ತಿದ್ದೆ.

ಬಂದ ಹೊಸದರಲ್ಲಿ ಗಾಡಿ ಮನೆಮುಂದೆ ಸ್ವಲ್ಪವೇ ವಾಲಿ ನಿಲ್ಲುತ್ತಿತ್ತು. ಬರುಬರುತ್ತಾ ವಾಲುವುದು ಜಾಸ್ತಿಯಾಯಿತು. ಹ್ಯಾಂಡಲ್ಲು ನೆಲ ನೋಡತೊಡಗಿತು, ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲು ಜಿನುಗಿತು. ಬೆಳಗ್ಗೆ ಅದನ್ನು ಎತ್ತಿ ನೆಟ್ಟಗೆ ಮಾಡುವಷ್ಟರಲ್ಲಿ ನಮ್ಮವರ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

ಮೊದಲು ತಪ್ಪು ಹೊತ್ತವಳು ನಾನು. "ನೀನು ಬೆಳಗಾಗೆದ್ದು ಸಗಣಿ ನೀರು ಚೆಲ್ತೀಯ, ನೆಲ ಮೆತ್ತಗಾಗಿ ಕಾಲು ಇಳೀತೈತೆ" ಅಂದರು. ಸರಿ, ಆ ಮೂಲೆಗೆ ನೀರು ಹಾಕುವುದನ್ನೇ ಬಿಟ್ಟೆ. ಮನೆಮುಂದೆಲ್ಲ ಒಪ್ಪವಾಗಿ ರಂಗೋಲಿ, ಆ ಮೂಲೆ ಮಾತ್ರ ಒಣಗಿ ಧೂಳು. ಆಮೇಲೆ ಬಂಡೆ ಒಡೆಯುವವರ ಹತ್ತಿರ ಒಂದು ಚಪ್ಪಡಿ ತಂದು ಕಾಲಡಿಗೆ ಹಾಸಿದರು. ಗಾಡಿ ಚಪ್ಪಡಿಯ ಮೇಲೂ ವಾಲಿತು.

ಆಗ ಕಾಲನ್ನು ಬಿಚ್ಚಿಕೊಂಡು ಹೊಸೂರಿನ ಆಚಾರಿಯ ಕುಲುಮೆಗೆ ಹೋದರು. ಅವತ್ತು ಸಂತೆ, ನಾನೂ ಜೊತೆಗಿದ್ದೆ. ಆಚಾರಿ ತೆಲುಗಿನಲ್ಲಿ ಏನೋ ಗೊಣಗುತ್ತಾ ಕಾಲನ್ನು ತಿರುಗಿಸಿ ನೋಡಿ, "ಏನಯ್ಯಾ, ಗಾಡಿ ನಿಲ್ಸಿ ಮ್ಯಾಲೆ ರಾಗಿ ಮೂಟೆ ಹೇರ್ತೀಯಾ?" ಅಂತ ಕೇಳಿದ.

"ಇಲ್ಲಪ್ಪಾ, ಹಳೇ ಕಬ್ಬಿಣ" ಅಂದರು ನಮ್ಮವರು. ನನ್ನ ಮುಖ ಮಾತ್ರ ನೋಡಲಿಲ್ಲ.

ಆಚಾರಿ ಕಾಯಿಸಿ ನೆಟ್ಟಗೆ ಮಾಡಿಕೊಟ್ಟ. ಮತ್ತೆ ಬಾಗಿತು. ಮುಂದಿನ ಸಲ ಒಂದು ತುಂಡು ಬೆಸೆದು ಉದ್ದ ಮಾಡಿಸಿದರು. ಈಗ ಗಾಡಿ ಎಷ್ಟು ನೆಟ್ಟಗೆ ನಿಂತಿತೆಂದರೆ, ಗಾಳಿ ಬೀಸಿದ್ದಕ್ಕೇ ಬಲಕ್ಕೆ ಉರುಳಿ ನನ್ನ ಕೋಳಿಗೂಡನ್ನು ಅಪ್ಪಚ್ಚಿ ಮಾಡಿತು. ಆ ತುಂಡನ್ನು ಕತ್ತರಿಸಿ ಹಾಕಿಸಿಕೊಂಡು ಬಂದರು. ಅದೂ ಬಾಗಿತು.

ಕಾರಣ ನನಗೆ ಮೊದಲಿಂದ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ನಮ್ಮೂರಿನ ಕಂದಾಯ ವಸೂಲಿ ಮಾಡುತ್ತಿದ್ದ ಮಣಿಯಗಾರರು ಸಂಜೆಯಾದರೆ ನಮ್ಮ ಮನೆಮುಂದೆ ಬರುತ್ತಿದ್ದರು. ಅವರ ಬಾವಿಯ ಇಂಜಿನ್ನು ನೋಡುವುದು ನಮ್ಮವರೇ. ಗಾಡಿ ಬರುವುದಕ್ಕೆ ಮುಂಚೆ ಅವರು ದೂರದಲ್ಲಿ ನಿಂತೇ ಕೂಗಿ, ಹೇಳುವುದು ಹೇಳಿ ಹೋಗುತ್ತಿದ್ದರು. ನಮ್ಮ ಜಗಲಿಯ ಮೇಲೆ ಮೇಲ್ಬೀದಿಯವರು ಕೂರುವ ಪದ್ಧತಿಯಿರಲಿಲ್ಲ, ಮೈಲಿಗೆ. ಗಾಡಿ ಬಂದ ಮೇಲೆ ಅವರಿಗೊಂದು ಕುರ್ಚಿ ಸಿಕ್ಕಿತು. ಸೀದಾ ಬಂದು ಅಡ್ಡಡ್ಡ ಕೂತು, ತಮ್ಮ ಪೂರ್ತಿ ಭಾರವನ್ನು ಆ ಒಂಟಿಕಾಲಿನ ಮೇಲೆ ಬಿಟ್ಟು, ಎಲೆಅಡಿಕೆ ಹಾಕಿಕೊಂಡು ತೂಗಾಡುತ್ತಿದ್ದರು. ನಮ್ಮವರು ಎದುರಿಗೆ ಕೈಕಟ್ಟಿಕೊಂಡು ನಿಂತಿರುತ್ತಿದ್ದರು.

ಆ ಸೀಟು ಚರ್ಮದ್ದು. ಅದರ ಮೇಲೆ ಯಾವ್ಯಾವ ದೇಶದ ಸೋಲ್ಜರು ಕೂತಿದ್ದನೋ, ಏನೇನು ತಿಂದು ಕೂತಿದ್ದನೋ. ಅದಕ್ಕಿಲ್ಲದ ಮೈಲಿಗೆ ನಾನು ದಿನಾ ಸಾರಿಸುವ ಜಗಲಿಗೆ! ಇದನ್ನು ನೆನೆದಾಗೆಲ್ಲ ನನಗೆ ಕೈಯಲ್ಲಿದ್ದ ಪೊರಕೆಯನ್ನು ಬೀಸಿ ಒಗೆಯಬೇಕು ಅನ್ನಿಸುತ್ತಿತ್ತು.

ನಮ್ಮ ಅತ್ತೆಗೆ ಮಾತ್ರ ಹಿಗ್ಗೋ ಹಿಗ್ಗು. "ದೊಡ್ಡೋರು ನಮ್ಮ ಬಾಗ್ಲಾಗೆ ಬಂದು ಕುಂತ್ಕೋತಾರೆ, ನಿಮ್ಮಾವ ನೋಡ್ಬೇಕಿತ್ತು" ಅನ್ನುತ್ತಿದ್ದರು. ನಮ್ಮವರಿಗೂ ಒಳಗೊಳಗೇ ಅದೇ ಹಿಗ್ಗು. ಅದಕ್ಕೇ ಬಾಯಿ ಬರುತ್ತಿರಲಿಲ್ಲ.

"ಒಂದ್ ಮಾತು ಹೇಳ್ಬಾರ್ದಾ, ಗಾಡಿ ಮ್ಯಾಲೆ ಕೂರ್ಬೇಡಿ ಅಂತ?" ಅಂತ ನಾನು ಕೇಳಿದೆ.

"ಸುಮ್ಕಿರು. ನಮ್ಮಪ್ಪನ ಕಾಲ್ದಾಗೆ ಈ ಕೇರೀಗೇ ಕಾಲಿಡ್ತಿರ್ಲಿಲ್ಲ ಅವ್ರು. ಈಗ ನಮ್ಮನೇಲಿ ಕುಂತ್ಕೋತಾವ್ರೆ."

"ನಮ್ಮನೇಲಿ ಎಲ್ಲಿ ಕುಂತವ್ರೆ? ಮಿಲ್ಟ್ರಿಯೋರ ತೊಗಲಿನ ಮ್ಯಾಲೆ ಕುಂತವ್ರೆ."

ಆ ಮಾತಿಗೆ ಅವರು ಸ್ಪಾನರು ಎಸೆದು ಎದ್ದುಹೋದರು. ನಾನೂ ಅವತ್ತು ಅನ್ನದ ತಟ್ಟೆಯನ್ನು ಅವರ ಮುಂದೆ ಸದ್ದಾಗುವ ಹಾಗೆಯೇ ಇಟ್ಟೆ.

ಹೀಗಿರುವಾಗ ಒಂದು ಸಂಜೆ ನಮ್ಮವರು ದೂರದಿಂದ ಬಂದು ಗಾಡಿ ನಿಲ್ಲಿಸಿದ್ದರಷ್ಟೇ. ಇಂಜಿನ್ನು ಇನ್ನೂ ಕಾದಿತ್ತು. ಮಣಿಯಗಾರರು ಬಂದು ಕೂತರು, ತೂಗಾಡಿದರು. ಏಳುವಾಗ ಒಂಟಿಕಾಲು ಮಡಚಿಕೊಂಡುಬಿಟ್ಟಿತು. ಅವರು ಪಕ್ಕಕ್ಕೆ ಹಾರಿದರು. ಬೀಳುವ ಗಾಡಿಗೆ ನಮ್ಮವರು ಮೈ ಕೊಟ್ಟರು. ಕಾದ ಕಬ್ಬಿಣ ಮೊಣಕಾಲ ಕೆಳಗೆ ಒತ್ತಿ ಚರ್ಮ ಚುರ್ರೆಂದಿದ್ದು ಬಾಗಿಲಲ್ಲಿದ್ದ ನನಗೆ ಕೇಳಿಸಿತು.

ಮಣಿಯಗಾರರು ಪಂಚೆ ಕೊಡವಿಕೊಂಡು, "ಕಾಲು ಸರಿಯಾಗ್ ಮಾಡ್ಸಲಾ, ನಾನ್ ಬಿದ್ದಿದ್ರೆ ಏನ್ ಗತಿ?" ಅಂದರು.

"ಆಯ್ತು ಸಾಮಿ, ಮಾಡಿಸ್ತೀನಿ" ಅಂದರು ನಮ್ಮವರು, ಗಾಡಿಯ ಅಡಿಯಿಂದಲೇ.

ಆ "ಆಯ್ತು ಸಾಮಿ" ಕೇಳಿ ನನಗೆ ಬಂದ ಸಿಟ್ಟು ಮಣಿಯಗಾರರ ಮೇಲಲ್ಲ, ನನ್ನ ಗಂಡನ ಮೇಲೆ. ಲೋಳೆಸರ ಹಚ್ಚುತ್ತಾ ಬಾಯಿಗೆ ಬಂದಹಾಗೆ ಬೈದೆ. ಅವರು ಮಾರನೆಯ ದಿನ ಕುಂಟುತ್ತಲೇ ಆಚಾರಿಯ ಹತ್ತಿರ ಹೋಗಿ ಕಾಲು ನೆಟ್ಟಗೆ ಮಾಡಿಸಿಕೊಂಡು ಬಂದರು. ಯಾರಿಗೋಸ್ಕರ ಮಾಡಿಸಿದ್ದು ಅಂತ ಕೇಳಬೇಕೇ?

ಗಾಯ ಇನ್ನೂ ಹಸಿಯಾಗಿತ್ತು, ಮಣಿಯಗಾರರು ಮತ್ತೆ ಬಂದರು. ನಾನು ಕಾದೇ ಇದ್ದೆ. ಜಗಲಿಯನ್ನು ಆಗಲೇ ಸಾರಿಸಿ, ನನ್ನ ಮದುವೆಯಲ್ಲಿ ತವರಿನಿಂದ ಕೊಟ್ಟಿದ್ದ ಕರೀ ಕಂಬಳಿ ಹಾಸಿದ್ದೆ. ಕಂಬಳಿಗೆ ಮೈಲಿಗೆಯಿಲ್ಲ ಅಂತ ಹೇಳುವವರು ಅವರ ಬೀದಿಯವರೇ. ಅವರು ಗಾಡಿಯ ಹತ್ತಿರ ಬರುವಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿಗೂ ಅವರಿಗೂ ನಡುವೆ ನಿಂತೆ.

"ಸಾಮಿ, ಗಾಡಿ ಕಾಲು ತಡ್ಯಾಕಿಲ್ಲ. ಕಂಬ್ಳಿ ಹಾಸಿವ್ನಿ, ಜಗಲಿ ಮ್ಯಾಲೆ ಕುಂತ್ಕಳಿ."

"ಲೇ, ಒಳೀಕೋಗು" ಅಂದರು ನಮ್ಮವರು. ನಾನು ಹೋಗಲಿಲ್ಲ.

ಮಣಿಯಗಾರರು ನನ್ನ ಕಡೆ ನೋಡಲೇ ಇಲ್ಲ. ಕಂಬಳಿ ನೋಡಿದರು, ಆಮೇಲೆ ನಮ್ಮವರನ್ನು ನೋಡಿ ನಕ್ಕರು. "ಕೇಳಿಸ್ಕೊಂಡ್ಯೇನ್ಲಾ ನಿನ್ನೆಂಡ್ರು ಮಾತ? ನಿಮ್ಮನೇಲಿ ಕೂರೋ ಗತಿ ನಂಗಿನ್ನೂ ಬಂದಿಲ್ಲ ಕಣ್ಲಾ" ಅಂದು, ಎಲೆಅಡಿಕೆ ರಸವನ್ನು ಚಪ್ಪಡಿಯ ಪಕ್ಕ ಉಗಿದು, ಹೊರಟುಹೋದರು.

ಮಣಿಯಗಾರರು ಹೋದ ದಿಕ್ಕನ್ನೇ ನಮ್ಮವರು ನೋಡುತ್ತಾ ನಿಂತರು. ಕಟ್ಟಿದ ಕೈ ಯಾವಾಗ ಬಿಚ್ಚಿದರೋ ನಾನು ನೋಡಲಿಲ್ಲ. ನನಗೆ ಈಗ ಬೈಗುಳ ಗ್ಯಾರಂಟಿ, ಏಟೂ ಬೀಳಬಹುದು ಅಂತ ಸಿದ್ಧವಾಗಿದ್ದೆ. ತಿರುಗಿ ಬೈಯಲು ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ಆದರೆ ಅವರು ಜಗಲಿಗೆ ಬಂದು ಆ ಕಂಬಳಿಯ ಮೇಲೆ ಕೂತರು, ಕತ್ತಲಾಗುವವರೆಗೂ ಕೂತೇ ಇದ್ದರು. ಅತ್ತೆ ಒಳಗಿಂದ, "ಬಂದ್ ಮರ್ಯಾದೇನ ಕಳ್ದುಬುಟ್ಳು" ಅಂತ ಮೂಗು ಸೀಟುತ್ತಿದ್ದರು.

ಬೆಳಗ್ಗೆ ನಾನು ಸಗಣಿ ನೀರು ಕಲಸುತ್ತಿದ್ದೆ. ನಮ್ಮವರು ಸಾಮಾನಿನ ಚೀಲವನ್ನು ಗಾಡಿಗೆ ಕಟ್ಟಿದರು. ಸುಲಭವಾಗಿ ಎತ್ತಿ ನೆಟ್ಟಗೆ ಮಾಡಿ, ಒಂಟಿಕಾಲನ್ನು ಹಿಂದಕ್ಕೆ ಒದ್ದರು. ಇನ್ನು ತಳ್ಳಿಕೊಂಡು ಹೋಗುತ್ತಾರೆ, ಹುಣಸೆಮರದ ಹತ್ತಿರ ಸದ್ದು ಬರುತ್ತದೆ ಅಂದುಕೊಂಡು ನಾನು ಬಗ್ಗಿದೆ. ಸದ್ದು ನನ್ನ ಬೆನ್ನ ಹಿಂದೆಯೇ ಬಂತು. ನಾಯಿಗಳು ಬೊಗಳಿದವು, ಕೋಳಿಗಳು ದಿಕ್ಕಾಪಾಲಾಗಿ ಓಡಿದವು, ಅತ್ತೆ "ಅಯ್ಯೋ, ಇವ್ನಿಗೇನ್ ಬಂತಪ್ಪಾ" ಅಂತ ಹೊರಗೆ ಓಡಿಬಂದರು.

ಗಾಡಿ ಮೇಲ್ಬೀದಿಗೆ ತಿರುಗಿತು. ಅಲ್ಲಿ ಆರುತ್ತದೆ ಅಂದುಕೊಂಡೆ. ಆರಲಿಲ್ಲ. ಮಣಿಯಗಾರರ ಮನೆ ಬರುವ ಜಾಗದಲ್ಲಾದರೂ ನಿಲ್ಲುತ್ತದೆ ಅಂತ ಕೈಯಲ್ಲಿ ಸಗಣಿ ಹಿಡಿದುಕೊಂಡೇ ಕೇಳಿಸಿಕೊಂಡೆ. ಆ ಪಟಪಟ ಸದ್ದು ಬೀದಿಯುದ್ದಕ್ಕೂ ಹೋಗಿ, ಹುಣಸೆಮರ ದಾಟಿ, ದೊಡ್ಡ ರಸ್ತೆ ಸೇರಿತು. ಈ ಕೆಲಸವನ್ನು ಮೊದಲನೇ ದಿನವೇ ಮಾಡಬಾರದಿತ್ತಾ ಅಂತ ನನಗೆ ಆಗಲೂ ಸಿಟ್ಟೇ ಬಂತು.

ಆಮೇಲೆ ಎಲೆಅಡಿಕೆ ಕಲೆ ಬಿದ್ದಿದ್ದ ಆ ಒಣ ಮೂಲೆಗೂ, ಚಪ್ಪಡಿಗೂ ಸೇರಿಸಿ ಕೊಡದ ತುಂಬ ನೀರು ಸುರಿದೆ.