ತಿರ್ಲಾಪುರದ ತಾಲೀಮಿನಲ್ಲಿ ಪ್ರಳಯ

ಗೆಳೆಯರೇ, ಇವತ್ತು ತಿರ್ಲಾಪುರದ ಶಾಲೆಯಲ್ಲಿ ನಾನು ಫ್ರೆಂಚಿನಿಂದ ಕನ್ನಡಕ್ಕೆ ತಂದ ನಾಟಕದ ತಾಲೀಮು ನಡೆದಿತ್ತು. ಪ್ರಳಯದಲ್ಲಿ ಲೋಕ ಮುಗಿದು ಐದೇ ಮಂದಿ ಉಳಿದಿರುತ್ತಾರೆ. ಉಳಿದವರು ಕುಡಿಯುವ ನೀರು ಯಾರು ಮೊದಲು ತುಂಬಬೇಕೆಂದು ಜಗಳಕ್ಕೆ ನಿಲ್ಲುತ್ತಾರೆ.

ನೋಡಲು ಬಂದಿದ್ದ ಊರಗೌಡರು ಕುರ್ಚಿಯಿಂದಲೇ ತಡೆದರು. "ಇದು ಸುಳ್ಳ ಐತ್ರಿ ಮಾಸ್ತರ. ಅಂಥಾ ಹೊತ್ತಿನ್ಯಾಗ ಯಾರರ ಪಾಳಿ ನೋಡ್ತಾರೇನ್ರಿ?"

ಹತ್ತಿ ಬಿಡಿಸುವ ದ್ಯಾಮವ್ವ ನಮ್ಮ ನಾಯಕಿ. ಕೈಯಲ್ಲಿದ್ದ ನಾಟಕದ ಸೈಕ್ಲೋಸ್ಟೈಲ್ ಪ್ರತಿ ಮಡಚಿ ತಿರುಗಿದಳು. "ಗೌಡ್ರ, ದಿನಾ ನಿಮ್ಮನಿ ಕೊಡ ತುಂಬೂತನಕ ನಮ್ಮನ್ನ ಕೆರಿ ದಂಡಿಮ್ಯಾಲ ನಿಂದ್ರಸ್ತೀರಿ. ಪ್ರಳಯ ಬಂದ್ರ ನಮ್ಮನ್ನ ಮುಂದ ಬಿಡ್ತೀರೇನ್ರಿ?"

ಗೌಡರು "ಮುಂದ ನಡಸ್ರಿ" ಎಂದರು. ನನ್ನ ಎದೆ ಉಬ್ಬಿತ್ತು.

ದ್ಯಾಮವ್ವನ ಮಾತು ಫ್ರೆಂಚ್ ಮೂಲದಲ್ಲಿಲ್ಲ. ನಾಳೆಯಿಂದ ಕನ್ನಡದಲ್ಲಿರುತ್ತದೆ, ಗೌಡರ ಮಾತೂ ಸೇರಿ. ಅದನ್ನು ಆಡಲು ಅವರು ಕುರ್ಚಿ ಬಿಟ್ಟು ಏಳಬೇಕಾಗಿಯೂ ಇಲ್ಲ.